ದಿನಾ ಬೆಳಿಗ್ಗೆ ಪುಸ್ತಕ ನೋಡಿ ಪ್ರಾರ್ಥನೆ: ಆಂಗ್ಲಿಕನ್ ಪದ್ಧತಿ ಗೊತ್ತಿರುವವರು ತಿಳಿಸಿ

ಹಾಸನದ ನರ್ಸ್:

ಎಲ್ಲರಿಗೂ ವಂದನೆಗಳು. ನಾನು ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದೇನೆ. ಹುಟ್ಟಿ ಬೆಳೆದದ್ದು ಹಾಸನ, ದಕ್ಷಿಣ ಭಾರತ ಸಭೆ ಅಂದರೆ ಸಿಎಸ್‌ಐ ಸಭೆ. ತಾತನವರ ಕಾಲದಲ್ಲಿ ಅದು ವೆಸ್ಲಿಯನ್ (ಮೆಥಡಿಸ್ಟ್) ಮಿಷನ್ ಸಭೆ. ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಒಂದು ಹಾಡು, ಸತ್ಯವೇದದ ಒಂದು ಅಧ್ಯಾಯ, ಆಮೇಲೆ ಅಪ್ಪ ತಮ್ಮದೇ ಮಾತಿನಲ್ಲಿ ಪ್ರಾರ್ಥಿಸುತ್ತಿದ್ದರು. ಪ್ರಾರ್ಥನೆ ಅಂದರೆ ನನಗೆ ಅದೇ.

ಇಲ್ಲಿ ಮನೆ ಹತ್ತಿರದ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್) ಚರ್ಚಿನಲ್ಲಿ ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮಾರ್ನಿಂಗ್ ಪ್ರೇಯರ್ ಇರುತ್ತದೆ. 17ನೇ ತಾರೀಖು ನೈಟ್ ಡ್ಯೂಟಿ ಮುಗಿಸಿ ಬರುವಾಗ ಬಾಗಿಲು ತೆರೆದಿತ್ತು. ಹೋದೆ. ಪಕ್ಕದ ಪುಟ್ಟ ಚಾಪೆಲ್‌ನಲ್ಲಿ ವಿಕರ್ (ಚರ್ಚಿನ ಪಾದ್ರಿ) ಮತ್ತು ವಯಸ್ಸಾದ ಮೂರು ಜನ. ಎದುರುಬದುರು ಕೂತು, ಒಂದು ಕಡೆಯವರು ಸತ್ಯವೇದದ ಕೀರ್ತನೆಯ ಒಂದು ವಚನ, ಇನ್ನೊಂದು ಕಡೆಯವರು ಮುಂದಿನ ವಚನ ಓದಿದರು. ಪ್ರತಿ ವಚನದ ಮಧ್ಯೆ ಸ್ವಲ್ಪ ನಿಲ್ಲಿಸುತ್ತಾರೆ. ಹಾಡಿಲ್ಲ, ಪ್ರಸಂಗವಿಲ್ಲ. ಹಳೇ ಇಂಗ್ಲಿಷ್.

ಆ ರಾತ್ರಿ ನಾನು ವಾರಗಟ್ಟಲೆ ನೋಡಿಕೊಂಡಿದ್ದ ಒಬ್ಬರು ತೀರಿಕೊಂಡಿದ್ದರು. ಅವರ ಮನೆಯವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚರ್ಚಿನಲ್ಲಿ ಓದಿದ್ದು 88ನೇ ಕೀರ್ತನೆ. ಅದರ ಕೊನೆಯಲ್ಲೂ ಒಂದು ಸಮಾಧಾನದ ಮಾತಿಲ್ಲ. ಗೆಳೆಯರನ್ನು ದೂರ ಮಾಡಿದ್ದೀ, ಕತ್ತಲೆ ಮಾತ್ರ ಉಳಿದಿದೆ ಅನ್ನುವಲ್ಲಿಗೆ ನಿಲ್ಲುತ್ತದೆ. ಅವರು ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ ಎಂದು ಹೇಳಿ ಮುಂದಿನ ಪಾಠಕ್ಕೆ (ಸತ್ಯವೇದದ ಓದಿಗೆ) ಹೋದರು. ಯಾರೂ ಏನೂ ವಿವರಿಸಲಿಲ್ಲ. ಅದು ನನಗೆ ಬೇಕಾಗಿತ್ತೋ ಬೇಡವಾಗಿತ್ತೋ ಇನ್ನೂ ಗೊತ್ತಾಗಿಲ್ಲ. ಆದರೆ ಮತ್ತೆ ಹೋಗಬೇಕು ಅನ್ನಿಸುತ್ತಿದೆ.

ನನ್ನ ಪ್ರಶ್ನೆಗಳು: ಪುಸ್ತಕ ನೋಡಿ ಓದುವುದು ಪ್ರಾರ್ಥನೆ ಆಗುತ್ತದಾ? ಅಪ್ಪನಿಗೆ ಫೋನಿನಲ್ಲಿ ಹೇಳಿದರೆ, "ಓದೋದು ಓದು, ಪ್ರಾರ್ಥನೆ ಪ್ರಾರ್ಥನೆ" ಅಂದರು. ದಿನಾ ಹೋಗಲು ಶಿಫ್ಟ್ ಬಿಡುವುದಿಲ್ಲ. ಮನೆಯಲ್ಲಿ ಒಬ್ಬಳೇ ಹೇಳುವುದು ಹೇಗೆ? ಹಳೇ ಪುಸ್ತಕ ತೆಗೆದುಕೊಳ್ಳಲಾ, ಹೊಸದಾ?

ಟ್ರೆಂಟ್ ದಡದವ:

ತಂಗಿ, ಮೊದಲು ಆ 88ನೇ ಕೀರ್ತನೆ ವಿಷಯ ಹೇಳುತ್ತೇನೆ. ಉಳಿದದ್ದೆಲ್ಲ ಆಮೇಲೆ.

ಅದನ್ನು ವಿಕರ್ ಆರಿಸಿದ್ದಲ್ಲ. ಯಾರೂ ಆರಿಸಿದ್ದಲ್ಲ. ಅವತ್ತು 17ನೇ ತಾರೀಖು, ಅಷ್ಟೇ. ಚರ್ಚ್ ಆಫ್ ಇಂಗ್ಲೆಂಡಿನ ಆರಾಧನೆ ಪುಸ್ತಕವಾದ ಹಳೇ ಪ್ರೇಯರ್ ಬುಕ್‌ನಲ್ಲಿ 150 ಕೀರ್ತನೆಗಳನ್ನೂ 30 ದಿನಕ್ಕೆ ಹಂಚಿದ್ದಾರೆ. 1ನೇ ತಾರೀಖು ಬೆಳಿಗ್ಗೆ 1ರಿಂದ 5, ಸಂಜೆ 6ರಿಂದ 8. 17ರ ಬೆಳಿಗ್ಗೆ 86, 87, 88. 30ರ ಸಂಜೆ 147ರಿಂದ 150. ತಿಂಗಳಿಗೆ 31 ದಿನ ಇದ್ದರೆ 30ರದ್ದನ್ನೇ ಇನ್ನೊಮ್ಮೆ ಹೇಳುತ್ತಾರೆ. ಮುಂದಿನ 1ಕ್ಕೆ ಮತ್ತೆ ಮೊದಲಿನಿಂದ. 1549ರಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್ ಮೊದಲ ಪ್ರೇಯರ್ ಬುಕ್ ತಂದಾಗಿನಿಂದ ಇದೇ ಲೆಕ್ಕ.

ನಾನು ಮೈಸೂರಿನವನು. ನಾಟಿಂಗ್‌ಹ್ಯಾಮ್ ಹತ್ತಿರ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೆ, ಈಗ ರಿಟೈರ್ಡ್. ನಮ್ಮ ಹಳ್ಳಿ ಚರ್ಚಿನ ವಾರ್ಡನ್ ನಾನೇ. ಬೆಳಿಗ್ಗೆ ಬೀಗ ತೆಗೆದು, ಹೀಟರ್ ಹಾಕಿ, ಗಂಟೆ ಬಾರಿಸುತ್ತೇನೆ. ವಿಕರ್‌ಗೆ ಹಲವು ಹಳ್ಳಿಗಳ ಚರ್ಚು ನೋಡಿಕೊಳ್ಳುವುದಿದೆ. ಅವರು ಬಾರದ ದಿನ ನಾವು ಜನರೇ ಹೇಳುತ್ತೇವೆ. ಅದಕ್ಕೆ ಅಡ್ಡಿಯಿಲ್ಲ.

ವರ್ಷಾನುವರ್ಷ ಹೀಗೆ ಹೇಳಿಕೊಂಡು ಬಂದರೆ ಒಂದು ವಿಷಯ ಕಾಣುತ್ತದೆ. ಕೀರ್ತನೆ ನಮ್ಮ ಮನಸ್ಸಿಗೆ ಹೊಂದುವ ದಿನ ಕಡಿಮೆ. ಮಗಳ ಮದುವೆ ದಿನ ಬಾಯಲ್ಲಿ ಅಳುವಿನ ಕೀರ್ತನೆ. ಅಣ್ಣ ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ, ತಾಳ ಬಾರಿಸಿ ತುತ್ತೂರಿ ಊದಿ ಅನ್ನುವ ಕೀರ್ತನೆ. ಇದೇನು, ನನ್ನ ಕಷ್ಟ ಕೇಳುವವರಿಲ್ಲವಾ ಅನ್ನಿಸುತ್ತದೆ. ಆದರೆ ನಾನು ಸುಖವಾಗಿರುವ ಯಾವ 17ನೇ ತಾರೀಖೂ ಎಲ್ಲರಿಗೂ ಸುಖದ ದಿನವಲ್ಲ, ಅಲ್ವಾ? ಎಲ್ಲೋ ಒಂದು ವಾರ್ಡಿನಲ್ಲಿ ಯಾರೋ 88ರ ಒಳಗೇ ಇರುತ್ತಾರೆ. ಅವರಿಗೆ ಆ ಹೊತ್ತಿನಲ್ಲಿ ಬಾಯಿ ಬರುವುದಿಲ್ಲ. ನನಗೆ ಬರುತ್ತದೆ. ಹಾಗಾಗಿ ಅವರ ಪರವಾಗಿ ನಾನು ಹೇಳುತ್ತೇನೆ. ನನ್ನ ಅಣ್ಣ ಸತ್ತ ದಿನ ಬೇರೆಯವರು ನನ್ನ ಪರವಾಗಿ ದೇವರನ್ನು ಹೊಗಳಿದರು.

ನಿಮ್ಮ ಚರ್ಚಿನ ಆ ಮೂವರು ಹಿರಿಯರಿಗೆ ನಿಮ್ಮ ರಾತ್ರಿ ಹೇಗಿತ್ತು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನಿಮ್ಮ ಪರವಾಗಿ, ತೀರಿಕೊಂಡ ಆ ವ್ಯಕ್ತಿಯ ಪರವಾಗಿ, ತಡವಾಗಿ ಬಂದ ಆ ಮನೆಯವರ ಪರವಾಗಿ ಹೇಳಿದರು. ಯಾರೂ ವಿವರಿಸಲಿಲ್ಲ ಅಂದಿರಿ. ವಿವರಿಸದೇ ಇದ್ದದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಎದ್ದು ನಿಂತು ಸಮಾಧಾನ ಹೇಳಿದ್ದರೆ ನಿಮಗೆ ಕೇಳಲು ಆಗುತ್ತಿತ್ತಾ?

ಈಗ ನಿಮ್ಮ ತಂದೆಯವರ ಮಾತು. ಅದನ್ನು ಹಗುರವಾಗಿ ತಳ್ಳಬೇಡಿ. ಇಂಗ್ಲೆಂಡಿನಲ್ಲೇ ಅದಕ್ಕೋಸ್ಕರ ದೊಡ್ಡ ಜಗಳ ಆಗಿದೆ. ಬರೆದಿಟ್ಟ ಪ್ರಾರ್ಥನೆ ಆತ್ಮವನ್ನು ಕಟ್ಟಿಹಾಕುತ್ತದೆ ಅಂತ ಪ್ಯೂರಿಟನ್ನರು (ಚರ್ಚಿನಲ್ಲಿ ಇನ್ನೂ ಸುಧಾರಣೆ ಬೇಕೆಂದವರು) ವಾದಿಸಿದರು. 1645ರಲ್ಲಿ ಪಾರ್ಲಿಮೆಂಟ್ ಪ್ರೇಯರ್ ಬುಕ್ಕನ್ನೇ ನಿಷೇಧಿಸಿತು. ಮನೆಯೊಳಗೆ ಬಳಸಿದರೂ ಮೊದಲ ಸಲ 5 ಪೌಂಡ್ ದಂಡ, ಎರಡನೇ ಸಲ 10, ಮೂರನೇ ಸಲ ಒಂದು ವರ್ಷ ಜೈಲು. ರಾಜನ ಆಳ್ವಿಕೆ ಮರಳಿದ ಮೇಲೆ, 1662ರಲ್ಲಿ, ಈಗ ನೀವು ನೋಡಿದ ಪುಸ್ತಕ ಬಂತು.

ಆದರೆ ನಿಮ್ಮ ತಂದೆಯವರಿಗೆ ಜಾನ್ ವೆಸ್ಲಿಯ ವಿಷಯ ನೆನಪಿಸಿ. ನಿಮ್ಮ ತಾತನವರ ಸಭೆಗೆ ಹೆಸರು ಕೊಟ್ಟವರು ಸಾಯುವವರೆಗೂ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿಯಾಗಿಯೇ ಇದ್ದರು. ಬಯಲಿನಲ್ಲಿ ಪ್ರಸಂಗ ಮಾಡಿದರು, ಸ್ವಂತ ಮಾತಿನಲ್ಲಿ ಪ್ರಾರ್ಥಿಸಿದರು, ಪುಸ್ತಕವನ್ನೂ ಬಿಡಲಿಲ್ಲ. 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಆರಾಧನೆ ಕ್ರಮ ಕಳಿಸುವಾಗ ಇದೇ ಪ್ರೇಯರ್ ಬುಕ್ಕನ್ನು ಚಿಕ್ಕದು ಮಾಡಿ ಕಳಿಸಿದರು. ಅವರ ಬದುಕು ತಿರುಗಿದ 1738ರ ಮೇ 24ರಂದು ಸಂಜೆ ಸಭೆಗೆ ಹೋಗುವ ಮುಂಚೆ, ಮಧ್ಯಾಹ್ನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ 130ನೇ ಕೀರ್ತನೆಯನ್ನು ಹಾಡಿದ್ದು ಕೇಳಿದ್ದರು. ಆಳದಿಂದ ಕೂಗುತ್ತೇನೆ ಅನ್ನುವ ಕೀರ್ತನೆ ಅದು. ಎರಡೂ ಒಟ್ಟಿಗೆ ಇರಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದು ಪಾದ್ರಿಗಳ ಕೆಲಸ, ನಮಗ್ಯಾಕೆ ಅಂತ ಕೆಲವರು ಕೇಳುತ್ತಾರೆ. ಪಾದ್ರಿಗಳಿಗೆ ಕಡ್ಡಾಯ, ಅದು ನಿಜ. ಕಾಯಿಲೆ ಅಥವಾ ತುರ್ತು ಕಾರಣ ಇಲ್ಲದಿದ್ದರೆ ದಿನಾ ಬೆಳಿಗ್ಗೆ ಸಂಜೆ ಹೇಳಲೇಬೇಕು. ಆದರೆ 1662ರ ಪುಸ್ತಕದ ಮುನ್ನುಡಿಯಲ್ಲೇ ಇನ್ನೊಂದು ಮಾತಿದೆ: ಶುರು ಮಾಡುವ ಮುಂಚೆ ಗಂಟೆ ಬಾರಿಸಬೇಕು, ಜನ ಬಂದು ದೇವರ ವಾಕ್ಯ ಕೇಳಿ ಅವರ ಜೊತೆ ಪ್ರಾರ್ಥಿಸಲಿ ಅಂತ. ಮಠದ ಸನ್ಯಾಸಿಗಳು ದಿನಕ್ಕೆ ಹಲವು ಸಲ ಲ್ಯಾಟಿನ್‌ನಲ್ಲಿ ಹೇಳುತ್ತಿದ್ದುದನ್ನು ಕ್ರ್ಯಾನ್ಮರ್ ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಇಳಿಸಿ ಜನರ ಭಾಷೆಗೆ ತಂದದ್ದೇ ಇದಕ್ಕೆ. ಸಾಲಿಸ್‌ಬರಿ ಹತ್ತಿರದ ಬೆಮರ್ಟನ್‌ನಲ್ಲಿ 1630ರಿಂದ 1633ರವರೆಗೆ ಪಾದ್ರಿಯಾಗಿದ್ದ ಕವಿ ಜಾರ್ಜ್ ಹರ್ಬರ್ಟ್ ಗಂಟೆ ಬಾರಿಸಿದರೆ, ಹೊಲದಲ್ಲಿದ್ದವರು ನೇಗಿಲು ನಿಲ್ಲಿಸಿ ಅಲ್ಲೇ ಪ್ರಾರ್ಥಿಸಿ ಮತ್ತೆ ಉಳುತ್ತಿದ್ದರಂತೆ. ಚರ್ಚಿಗೆ ಬಾರದವರಿಗೂ ಗಂಟೆ ಬಾರಿಸುವುದಿದೆ. ನಾನು ಹಗ್ಗ ಹಿಡಿದಾಗ ಅವರನ್ನೂ ನೆನೆಸಿಕೊಳ್ಳುತ್ತೇನೆ.

ಮನೆಯಲ್ಲಿ ಹೇಳುವ ಕ್ರಮ ಸುಲಭ. ಮೊದಲು ಪಾಪದ ಅರಿಕೆ. ಮಾಡಬೇಕಾದ್ದನ್ನು ಮಾಡದೆ ಬಿಟ್ಟಿದ್ದೇವೆ, ಮಾಡಬಾರದ್ದನ್ನು ಮಾಡಿದ್ದೇವೆ ಅನ್ನುವ ಮಾತು ಅದರಲ್ಲಿದೆ. ಶಿಫ್ಟ್ ಮುಗಿಸಿದ ನರ್ಸಿಗೆ ಅದರ ಅರ್ಥ ನಾನು ಹೇಳಬೇಕಾಗಿಲ್ಲ. ಅದಾದ ಮೇಲೆ ಬರುವ ಕ್ಷಮೆಯ ಘೋಷಣೆ ಪಾದ್ರಿಯದು. ನಾವು ಒಬ್ಬರೇ ಇದ್ದಾಗ ಅದನ್ನು ಬಿಟ್ಟು, ಟ್ರಿನಿಟಿ ಹಬ್ಬದ ನಂತರದ 21ನೇ ಭಾನುವಾರದ ಚಿಕ್ಕ ಪ್ರಾರ್ಥನೆ ಹೇಳಿಕೊಳ್ಳುತ್ತೇವೆ. ಕ್ಷಮೆ ಮತ್ತು ಸಮಾಧಾನ ಕೊಡು ಅಂತ ಕೇಳುವ ಪ್ರಾರ್ಥನೆ ಅದು. ಆಮೇಲೆ ಕರ್ತನ ಪ್ರಾರ್ಥನೆ. "ನಮ್ಮ ತುಟಿಗಳನ್ನು ತೆರೆ" ಅನ್ನುವ ಮಾತು. ದಿನಾ 95ನೇ ಕೀರ್ತನೆ. ನಂತರ ಆ ತಾರೀಖಿನ ಕೀರ್ತನೆಗಳು. ಹಳೆ ಒಡಂಬಡಿಕೆಯಿಂದ ಒಂದು ಪಾಠ, ತೆ ದೇಯುಂ ಅನ್ನುವ ಹಳೇ ಸ್ತುತಿಗೀತೆ, ಹೊಸ ಒಡಂಬಡಿಕೆಯಿಂದ ಒಂದು ಪಾಠ, ಲೂಕನ ಮೊದಲ ಅಧ್ಯಾಯದಲ್ಲಿರುವ ಜಕರೀಯನ ಹಾಡು. ಅಪೊಸ್ತಲರ ವಿಶ್ವಾಸ ಪ್ರಮಾಣ. ಕೊನೆಗೆ ಕಲೆಕ್ಟ್ ಅನ್ನುವ ಮೂರು ಚಿಕ್ಕ ಪ್ರಾರ್ಥನೆ: ಆ ವಾರದ್ದು, ಸಮಾಧಾನಕ್ಕಾಗಿ ಒಂದು, ದಿನದ ಕೃಪೆಗಾಗಿ ಒಂದು. ಇಲ್ಲಿಂದ ಮುಂದೆ ನಿಮ್ಮ ರೋಗಿಗಳ ಹೆಸರು ಹೇಳಿ, ಅಪ್ಪನ ಹೆಸರು ಹೇಳಿ, ಸ್ವಂತ ಮಾತಿನಲ್ಲಿ ಎಷ್ಟು ಹೊತ್ತು ಬೇಕಾದರೂ ಪ್ರಾರ್ಥಿಸಿ. ನಿಮ್ಮ ಅಪ್ಪ ಕಲಿಸಿದ್ದಕ್ಕೆ ಜಾಗ ಅಲ್ಲೇ ಇದೆ.

ರಾಜನಿಗಾಗಿ ಪ್ರಾರ್ಥನೆ ಬಂದಾಗ ನಮ್ಮ ಕಡೆಯವರು ಕೆಲವರು ಸುಮ್ಮನಾಗುತ್ತಾರೆ. ನಾನು ಹೇಳುತ್ತೇನೆ. ಅನ್ನ ತಿನ್ನುವ ದೇಶವನ್ನು ಆಳುವವರಿಗೆ ಒಳ್ಳೆ ಬುದ್ಧಿ ಕೊಡು ಅಂತ ಕೇಳುವುದು ಸರಿ ಅನ್ನಿಸುತ್ತದೆ.

ಪುಸ್ತಕ? 1662ರದ್ದು ತೆಗೆದುಕೊಳ್ಳಿ. ಒಂದೇ ಪುಸ್ತಕ, ಪುಟ ಜಾಸ್ತಿ ತಿರುಗಿಸುವುದಿಲ್ಲ, ಮಾತು ಬಾಯಿಗೆ ಕೂರುತ್ತದೆ.

ಬೆಂಗಳೂರಿನ ಟೆಸ್ಟರ್:

ಅಂಕಲ್ ಹೇಳಿದ್ದು ಬಹಳ ಚೆನ್ನಾಗಿದೆ. ಆದರೆ ಪುಸ್ತಕದ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ನಾನು ಇದನ್ನು ಶುರು ಮಾಡಿದ್ದು 2020ರ ಲಾಕ್‌ಡೌನ್‌ನಲ್ಲಿ. ಕ್ಯಾಂಟರ್‌ಬರಿ ಕೆಥೆಡ್ರಲ್‌ನ ಡೀನ್ (ಮುಖ್ಯ ಪಾದ್ರಿ) ಆಗಿದ್ದ ರಾಬರ್ಟ್ ವಿಲ್ಲಿಸ್ ದಿನಾ ತಮ್ಮ ಮನೆಯ ತೋಟದಲ್ಲಿ ಕೂತು ಬೆಳಗಿನ ಪ್ರಾರ್ಥನೆ ಹೇಳುತ್ತಿದ್ದರು, ಅದು ವಿಡಿಯೋದಲ್ಲಿ ಬರುತ್ತಿತ್ತು. ಕೋಳಿ, ಹಂದಿ, ಬೆಕ್ಕು ಎಲ್ಲ ಸುತ್ತ ಓಡಾಡುತ್ತಿದ್ದವು. ಒಂದು ದಿನ ಅವರ ಬೆಕ್ಕು ಲಿಯೋ ನಿಲುವಂಗಿಯ ಒಳಗೆ ನುಗ್ಗಿ ಮಾಯವಾದದ್ದು ಎಲ್ಲ ಕಡೆ ಸುದ್ದಿಯಾಯಿತು. ಜನ ಬೆಕ್ಕು ನೋಡಲು ಬಂದು ಪ್ರಾರ್ಥನೆಗೆ ಉಳಿದರು. ಚರ್ಚಿನ ಬಾಗಿಲು ಮುಚ್ಚಿದ್ದ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಅಮ್ಮ ಮತ್ತು ನಾನು ಮಧ್ಯಾಹ್ನ ಊಟಕ್ಕೆ ಮುಂಚೆ ಅದನ್ನು ಹಾಕಿಕೊಳ್ಳುತ್ತಿದ್ದೆವು. 2022ರಲ್ಲಿ ಅವರು ನಿವೃತ್ತರಾದರು, 2024ರಲ್ಲಿ ತೀರಿಕೊಂಡರು. ಅವರಿಂದ ನಾನು ಕಲಿತದ್ದಕ್ಕೆ ಇವತ್ತಿಗೂ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಈಗ ನಾನು ಬಳಸುವುದು 2005ರ ಕಾಮನ್ ವರ್ಷಿಪ್ ಅನ್ನುವ ಹೊಸ ಪುಸ್ತಕದ ದಿನದ ಪ್ರಾರ್ಥನೆ. ಚರ್ಚ್ ಆಫ್ ಇಂಗ್ಲೆಂಡಿನ ಆ್ಯಪ್‌ನಲ್ಲಿ ಆ ದಿನದ ಕೀರ್ತನೆ, ಪಾಠ, ಪ್ರಾರ್ಥನೆ ಎಲ್ಲ ಒಂದೇ ಕಡೆ ಬರುತ್ತದೆ. ಓದಲು ಕಣ್ಣು ಬಿಡಲಾಗದ ದಿನ ಕೇಳಲೂಬಹುದು. ಭಾಷೆ ಈಗಿನದು. ಲೆಂಟ್ (ಈಸ್ಟರ್ ಮುಂಚಿನ ಉಪವಾಸದ ಕಾಲ) ಬಂದರೆ ಲೆಂಟಿನ ಹಾಗೆ, ಈಸ್ಟರ್ ಬಂದರೆ ಈಸ್ಟರಿನ ಹಾಗೆ ಬದಲಾಗುತ್ತದೆ. ಶಾಪ ಹಾಕುವ ಕೆಲವು ವಚನಗಳನ್ನು ಕಂಸದಲ್ಲಿ ಇಟ್ಟಿದ್ದಾರೆ, ಬಿಡಬೇಕೆಂದರೆ ಬಿಡಬಹುದು. 137ರ ಕೊನೆಯಲ್ಲಿ ಮಕ್ಕಳನ್ನು ಬಂಡೆಗೆ ಅಪ್ಪಳಿಸುವ ಮಾತನ್ನು ನನ್ನ ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ಹಳೇ ಇಂಗ್ಲಿಷಿನ ಜೊತೆ ಗುದ್ದಾಡಿ ಅನ್ನುವುದೂ ಸರಿಯಲ್ಲ.

ನಿವೃತ್ತ ಸಭಾಪಾಲಕ:

ಒಂದು ಹಿನ್ನೆಲೆ ಸೇರಿಸುತ್ತೇನೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಶುರುವಾದಾಗ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಒಂದಾದರು. ಆದರೆ ನಮ್ಮ ಕನ್ನಡ ಸಭೆಗಳಲ್ಲಿ ಹೆಚ್ಚಿನವು ವೆಸ್ಲಿಯನ್, ಲಂಡನ್ ಮಿಷನ್, ಬಾಸೆಲ್ ಮಿಷನ್ ಕಡೆಯಿಂದ ಬಂದವು. ಆದ್ದರಿಂದ ವಾರದ ದಿನ ಚರ್ಚಿನಲ್ಲಿ ಬೆಳಗಿನ ಪ್ರಾರ್ಥನೆ ಹೇಳುವ ಅಭ್ಯಾಸ ನಮ್ಮಲ್ಲಿ ಬೇರೂರಲಿಲ್ಲ. ಮನೆಯ ಪ್ರಾರ್ಥನೆ ಬೇರೂರಿತು. ಸಹೋದರಿಯ ತಂದೆಯವರು ಉಳಿಸಿಕೊಂಡು ಬಂದದ್ದು ದೊಡ್ಡದು. ಅದನ್ನು ಬಿಟ್ಟು ಇದನ್ನು ಹಿಡಿಯಿರಿ ಅಂತ ಯಾರೂ ಹೇಳಬಾರದು.

ನನ್ನ ಸಲಹೆ ಇಷ್ಟೇ. ಕ್ರಮ ಅಲ್ಲಿಯದು ಇರಲಿ. ಕೀರ್ತನೆ ಮತ್ತು ಪಾಠ ಕನ್ನಡ ಸತ್ಯವೇದದಿಂದ ಓದಿ. ಕೀರ್ತನೆಗಳ ಸಂಖ್ಯೆ ಎರಡರಲ್ಲೂ ಒಂದೇ.

ಹಾಸನದ ನರ್ಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ವೆಸ್ಲಿ ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ 130ನ್ನು ನಾವೂ ಹಾಡ್ತಿದ್ವಿ" ಅಂದರು.

ಇನ್ನೆರಡು ಪ್ರಶ್ನೆ. ನೈಟ್ ಇರುವ ವಾರ ನನಗೆ ಬೆಳಿಗ್ಗೆ ಅಂದರೆ ಮಲಗುವ ಹೊತ್ತು. ಆಗ ಬೆಳಗಿನ ಪ್ರಾರ್ಥನೆ ಯಾವಾಗ ಹೇಳಲಿ? ನಡುವೆ ದಿನಗಳು ತಪ್ಪಿದರೆ ಏನು ಮಾಡಲಿ? ನನಗೆ ಯಾವುದೇ ಕೆಲಸ ಬಾಕಿ ಉಳಿದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ.

ಟ್ರೆಂಟ್ ದಡದವ:

ತಂಗಿ, ಬಾಕಿ ಅನ್ನುವುದು ಇದರಲ್ಲಿ ಇಲ್ಲವೇ ಇಲ್ಲ. ಕೀರ್ತನೆಗಳನ್ನು ತಾರೀಖಿಗೆ ಕಟ್ಟಿರುವುದರ ದೊಡ್ಡ ಉಪಕಾರ ಇದು. ಮೂರು ದಿನ ತಪ್ಪಿತು ಅಂದುಕೊಳ್ಳಿ. ಹಿಂದೆ ಹೋಗಿ ಓದಬೇಡಿ. ಇವತ್ತು ಯಾವ ತಾರೀಖು ನೋಡಿ, ಅದನ್ನು ತೆರೆಯಿರಿ. ನೀವು ಹೇಳದೆ ಹೋದದ್ದನ್ನು ನಿಮ್ಮ ಚರ್ಚಿನ ಆ ಮೂವರು ಹೇಳಿರುತ್ತಾರೆ. ನಾವು ಇಲ್ಲಿ ಹೇಳಿರುತ್ತೇವೆ. ಮುಂದಿನ ತಿಂಗಳು ಅದೇ ತಾರೀಖಿಗೆ ಆ ಕೀರ್ತನೆ ನಿಮಗೆ ಮತ್ತೆ ಸಿಗುತ್ತದೆ.

ನೈಟ್ ಇದ್ದಾಗ ಮನೆಗೆ ಬಂದು ಮಲಗುವ ಮುಂಚೆ ಹೇಳಿ. ಮೂರನೇ ಕಲೆಕ್ಟ್‌ನಲ್ಲಿ, ನಮ್ಮನ್ನು ಈ ದಿನದ ಆರಂಭಕ್ಕೆ ಸುರಕ್ಷಿತವಾಗಿ ತಂದವನೇ ಅಂತ ದೇವರನ್ನು ಕರೆಯುತ್ತೇವೆ. ಇಡೀ ರಾತ್ರಿ ಎಚ್ಚರವಾಗಿದ್ದು ವಾರ್ಡ್ ಕಾದವರಿಗಿಂತ ಸರಿಯಾಗಿ ಅದನ್ನು ಯಾರು ಹೇಳಬಲ್ಲರು? ಪೂರ್ತಿ ಹೇಳಲು ಮೈಯಲ್ಲಿ ಶಕ್ತಿ ಇಲ್ಲದಿದ್ದರೆ ಆ ದಿನದ ಕೀರ್ತನೆ, ಕರ್ತನ ಪ್ರಾರ್ಥನೆ, ಈ ಮೂರನೇ ಕಲೆಕ್ಟ್ ಮೂರೇ ಹೇಳಿ ಮಲಗಿ. ಕೀರ್ತನೆ ಮಾತ್ರ ಬಿಡಬೇಡಿ.

ಅಯ್ಯನವರ ಸಲಹೆ ನನಗೂ ಒಪ್ಪಿಗೆ. ಒಬ್ಬನೇ ಇರುವಾಗ ನಾನೂ ಕೆಲವು ದಿನ ಕನ್ನಡದಲ್ಲೇ ಓದುತ್ತೇನೆ. ಚರ್ಚಿಗೆ ಹೋದ ದಿನ ಅವರ ಪುಸ್ತಕ, ಅವರ ವೇಗ. ಮಧ್ಯೆ ನಿಲ್ಲಿಸುತ್ತಾರೆ ಅಂದಿರಲ್ಲ, ಹಳೇ ಪುಸ್ತಕದಲ್ಲಿ ಪ್ರತಿ ವಚನದ ನಡುವೆ ಒಂದು ಗುರುತು ಹಾಕಿದ್ದಾರೆ. ಅಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳಬೇಕು. ಮೊದಮೊದಲು ನೀವು ಮುಂದೆ ಓಡಿಬಿಡುತ್ತೀರಿ. ಪಕ್ಕದವರ ದನಿ ಕೇಳಿಸಿಕೊಂಡು ಓದಿ, ತಾನಾಗಿ ಸರಿಹೋಗುತ್ತದೆ.

ಬೆಂಗಳೂರಿನ ತಂಗಿಗೆ: ಆ್ಯಪ್ ಒಳ್ಳೆಯದೇ. ಆಸ್ಪತ್ರೆಗೆ ಪುಸ್ತಕ ಹೊತ್ತುಕೊಂಡು ಹೋಗಲಾಗದವರಿಗೆ ಅದೇ ಸರಿ. ಅದರಲ್ಲಿ ಹಳೇ ಕ್ರಮವನ್ನೂ ಆರಿಸಿಕೊಳ್ಳಬಹುದು. ಕಂಸದ ವಚನಗಳ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬದಲಾಗುವುದಿಲ್ಲ. 137 ಹೇಳಿದವರು ತಮ್ಮ ಊರು ಸುಟ್ಟದ್ದನ್ನು, ತಮ್ಮ ಜನ ಸತ್ತದ್ದನ್ನು ಕಂಡವರು. ಅಂಥವರು ಇವತ್ತೂ ಇದ್ದಾರೆ, ಅವರ ಸಿಟ್ಟೂ ಇದೆ. ಅದನ್ನು ದೇವರ ಮುಂದೆ ಇಡದೆ ಮತ್ತೆಲ್ಲಿ ಇಡಬೇಕು? ನಾನು ಆ ವಚನವನ್ನು ಮೆಲ್ಲಗೆ ಹೇಳುತ್ತೇನೆ, ಆದರೆ ಹೇಳುತ್ತೇನೆ. ನಿಮಗೆ ಆಗದಿದ್ದರೆ ಬಿಡಿ. ಅದಕ್ಕಾಗಿ ನಾವಿಬ್ಬರೂ ಬೇರೆ ಬೇರೆ ಪ್ರಾರ್ಥನೆ ಮಾಡುವವರಾಗುವುದಿಲ್ಲ.

ಹಾಸನದ ತಂಗಿ, 1ನೇ ತಾರೀಖಿನವರೆಗೆ ಕಾಯಬೇಡಿ. ನಾಳೆ 24. ಬೆಳಿಗ್ಗೆ 116, 117, 118. ಅಷ್ಟನ್ನು ಕನ್ನಡದಲ್ಲಿ ಓದಿ ಶುರು ಮಾಡಿ. ಸಂಜೆಯಿಂದ 119 ಬರುತ್ತದೆ, 176 ವಚನ, 26ರ ಸಂಜೆವರೆಗೂ ಅದೇ ನಡೆಯುತ್ತದೆ. ಉದ್ದ ಅನ್ನಿಸಿದರೆ ಬೆಳಗಿನ ಪಾಲನ್ನಷ್ಟೇ ಹೇಳಿ: 25ರಂದು 33ರಿಂದ 72ನೇ ವಚನ, 26ರಂದು 105ರಿಂದ 144. ಪಾಠಗಳ ಪಟ್ಟಿ ಬೇಕಾದರೆ ನಿಮ್ಮ ವಿಕರ್ ಹತ್ತಿರ ಕೇಳಿ, ಅವರ ಹತ್ತಿರ ಇದ್ದೇ ಇರುತ್ತದೆ. ಕೇಳುವಾಗ 17ರಂದು ತೀರಿಕೊಂಡವರ ಹೆಸರು ಹೇಳಲು ಅನುಮತಿ ಇದೆಯಾ ನೋಡಿ. ಇಲ್ಲದಿದ್ದರೆ ಹೆಸರಿಲ್ಲದೆಯೇ ಹೇಳಿ, ಮೂರನೇ ಕಲೆಕ್ಟ್ ಆದ ಮೇಲೆ ಅವರೂ ನಿಮ್ಮ ಜೊತೆ ಪ್ರಾರ್ಥಿಸುತ್ತಾರೆ.